ಕಣ್ಣಿಗೆ ಕಂಡ ಗುರುವಿನ ಪಟ್ಟೆ ಮೊಬೈಲಿಗೇಕೆ ಕಾಣದು?

ಪ್ರಶ್ನೆ: ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲೆ 130 ಮಿ.ಮೀ. ಕನ್ನಡಿಯ ದೂರದರ್ಶಕ ಇಟ್ಟುಕೊಂಡಿದ್ದೇನೆ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಇಣುಕಿದರೆ ಗುರು ಗ್ರಹದ ಎರಡು ಪಟ್ಟೆಗಳು ಕಾಣುತ್ತವೆ. ಅದೇ ಮೊಬೈಲ್ ಹಿಡಿದು ಫೋಟೊ ತೆಗೆದರೆ ಬರೀ ಬೆಳ್ಳನೆಯ ಬಿಲ್ಲೆ ಬರುತ್ತದೆ. ತಪ್ಪು ದೂರದರ್ಶಕದ್ದೋ, ಮೊಬೈಲಿನದೋ? ಇದರಲ್ಲಿ ಸೂರ್ಯನ ಚಿತ್ರವನ್ನೂ ತೆಗೆಯಬಹುದೇ?

ಉತ್ತರ: ಪಟ್ಟೆಗಳು ನಿಮ್ಮ ಕಣ್ಣಿಗೆ ಬಿದ್ದಿವೆಯೆಂದ ಮೇಲೆ ದೂರದರ್ಶಕವನ್ನು ದೂರುವ ಕಾರಣವಿಲ್ಲ. ಮೊಬೈಲು ಚೌಕಟ್ಟಿನ ತುಂಬ ಕತ್ತಲೆಯನ್ನೇ ಕಂಡು, ದೃಶ್ಯ ಮಂಕಾಗಿದೆಯೆಂದು ತಾನಾಗಿಯೇ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಆ ಅತಿ ಬೆಳಕಿನಲ್ಲಿ ಪಟ್ಟೆಗಳು ಅಳಿಸಿಹೋಗುತ್ತವೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ: ನಿಮ್ಮ ಚಿತ್ರದಲ್ಲಿ ಗುರುವಿನ ಅಕ್ಕಪಕ್ಕದ ಚಂದ್ರರು ಢಾಳಾಗಿ ಮೂಡಿದ್ದರೆ, ಗುರುವಿನ ಬಿಲ್ಲೆ ಸುಟ್ಟುಹೋಗಿದೆಯೆಂದೇ ತಿಳಿಯಬೇಕು. ಕ್ಯಾಮೆರಾವನ್ನು ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡಿಗೆ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100ರಿಂದ 200ರೊಳಗೆ, ಶಟರ್ (ಬೆಳಕು ಒಳಬರುವ ಹೊತ್ತು) 1/60 ಸೆಕೆಂಡಿನ ಆಸುಪಾಸಿನಿಂದ ಶುರುಮಾಡಿ, ಚಂದ್ರರು ಮಾಯವಾಗಿ ಪಟ್ಟೆಗಳು ಕಾಣುವವರೆಗೆ ಬೆಳಕನ್ನು ಇಳಿಸುತ್ತ ಬನ್ನಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಐಪೀಸಿಗೆ ಕಚ್ಚುವ ಹೋಲ್ಡರಿನಲ್ಲಿ ಕೂರಿಸುವುದು ಇಲ್ಲಿ ಅನಿವಾರ್ಯ.

ಆದರೆ ಇಷ್ಟಕ್ಕೇ ಕಣ್ಣಿಗೆ ಕಂಡಷ್ಟು ವಿವರ ಬರುವುದಿಲ್ಲ. ಗುರುವಿನ ಬಿಲ್ಲೆ ಆಕಾಶದಲ್ಲಿ 40 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡೆಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು) ಅಗಲ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನೀವು ಒಂದು ಬದಿಗೆ ನಿಂತಿರುವಾಗ, ಎದುರು ಬದಿಯಲ್ಲಿ ಯಾರಾದರೂ ಒಂದು ಕಡಲೆಕಾಳು ಹಿಡಿದು ತೋರಿಸಿದರೆ ಅದು ಎಷ್ಟು ಕಂಡೀತೋ, ಗುರು ಅಷ್ಟೇ. ಆ ಕಾಳಿನ ಮೈಮೇಲಿನ ಗೆರೆಗಳನ್ನು ನಾವು, ಕಾದ ಹಂಚಿನ ಮೇಲೆ ನಡುಗುವ ಗಾಳಿಯ ಮೂಲಕ ನೋಡಿದಂತೆ, ಹತ್ತಾರು ಕಿಲೋಮೀಟರು ದಪ್ಪದ ವಾಯುಮಂಡಲದ ಮೂಲಕ ನೋಡುತ್ತಿದ್ದೇವೆ. ಕಣ್ಣು ಜಾಣ, ಗಾಳಿ ಒಂದು ಗಳಿಗೆ ನಿಂತಾಗ ಕಂಡದ್ದನ್ನು ನೆನಪಿಟ್ಟುಕೊಂಡು, ಕಲಕಿದ್ದನ್ನು ಬಿಟ್ಟುಬಿಡುತ್ತದೆ. ಒಂದೇ ಫೋಟೊಕ್ಕೆ ಆ ಆಯ್ಕೆಯಿಲ್ಲ, ಕ್ಲಿಕ್ಕಿಸಿದ ಕ್ಷಣದಲ್ಲಿ ಗಾಳಿ ಹೇಗಿತ್ತೋ ಚಿತ್ರವೂ ಹಾಗೆಯೇ. ಆದ್ದರಿಂದ ಗ್ರಹಗಳನ್ನು ತೆಗೆಯುವವರು ಫೋಟೊ ಬಿಟ್ಟು ವಿಡಿಯೊ ತೆಗೆಯುತ್ತಾರೆ. ಸೆಕೆಂಡಿಗೆ 30 ಫ್ರೇಮಿನಂತೆ ಎರಡು ನಿಮಿಷಕ್ಕೆ 3,600 ಫ್ರೇಮುಗಳಾಗುತ್ತವೆ; ಅವುಗಳಲ್ಲಿ ಗಾಳಿ ನಿಂತಿದ್ದಾಗಿನ ಹತ್ತಿಪ್ಪತ್ತು ಶೇಕಡಾ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಪೇರಿಸಿದರೆ, ಒಂಟಿ ಫ್ರೇಮಿನ ಕಾಳುಕಾಳು ಮಬ್ಬು ಕರಗಿ ಪಟ್ಟೆಗಳು ಎದ್ದು ನಿಲ್ಲುತ್ತವೆ. ಮೊಬೈಲಿನ ವಿಡಿಯೊವನ್ನು ಪಿಪ್ ಎಂಬ ತಂತ್ರಾಂಶದಲ್ಲಿ ಹಾಯಿಸಿ, ಆಟೊಸ್ಟ್ಯಾಕರ್ಟಿನಲ್ಲಿ ಪೇರಿಸಿ, ಕೊನೆಗೆ ರೆಜಿಸ್ಟ್ಯಾಕ್ಸಿನಲ್ಲಿ ಚೂಪುಗೊಳಿಸಬಹುದು. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಚೂಪುಗೊಳಿಸುವಾಗ ಆಸೆಬುರುಕರಾದರೆ ಗುರುವಿನ ಅಂಚಿಗೆ ಇಲ್ಲದ ಉಂಗುರ ಮೂಡುತ್ತದೆ. ಹಾಗೆಯೇ ವಿಡಿಯೊವನ್ನು ಹತ್ತು ನಿಮಿಷಕ್ಕೆ ಎಳೆಯುವುದೂ ಬೇಡ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಅದರ ಮೈಮೇಲಿನ ಗುರುತುಗಳೇ ಅಷ್ಟರಲ್ಲಿ ಜರುಗಿಬಿಟ್ಟಿರುತ್ತವೆ.

ಇನ್ನು ನಿಮ್ಮ ಮಾಳಿಗೆ. ಬೀದಿದೀಪಗಳ ಚಿಂತೆ ನಿಮಗೆ ಬೇಡ, ಗ್ರಹಗಳು ಅದಕ್ಕೆಲ್ಲ ಮಣಿಯದಷ್ಟು ಪ್ರಕಾಶಮಾನ. ನಿಜವಾದ ವೈರಿ ಕಾಲಡಿಯ ಸಿಮೆಂಟ್ ಸ್ಲ್ಯಾಬು: ಹಗಲೆಲ್ಲ ಕುಡಿದ ಬಿಸಿಲನ್ನು ಅದು ನಡುರಾತ್ರಿಯವರೆಗೆ ಉಗುಳುತ್ತ, ದೂರದರ್ಶಕದ ಬಾಯಿಯ ಮುಂದೆಯೇ ಗಾಳಿಯನ್ನು ಕುದಿಸುತ್ತಿರುತ್ತದೆ. ಹಿತ್ತಲಿನ ಮಣ್ಣಿನ ನೆಲವೋ ಊರಾಚೆಯ ಹೊಲದ ಬದುವೋ ಸಿಕ್ಕರೆ ಅಲ್ಲಿಗೇ ಇಳಿಯುವುದು ಲೇಸು. ದೂರದರ್ಶಕವನ್ನು ಒಂದು ತಾಸು ಮೊದಲೇ ಹೊರಗಿಟ್ಟು ಕನ್ನಡಿಯನ್ನು ಆರಲು ಬಿಡಿ. ಉಳಿದಂತೆ ನಮ್ಮ ನೆಲ ಅದೃಷ್ಟದ್ದು. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ವಿಜಯಪುರದಲ್ಲಿ, 2026ರ ಜನವರಿಯಲ್ಲಿ ಮಿಥುನ ರಾಶಿಯಲ್ಲಿದ್ದ ಗುರು ನಡುರಾತ್ರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತಿತ್ತು. ಗ್ರಹ ಎತ್ತರದಲ್ಲಿದ್ದಷ್ಟೂ ನಡುವೆ ಬರುವ ಗಾಳಿ ಕಡಿಮೆ.

ಸೂರ್ಯನ ಚಿತ್ರವನ್ನು ಖಂಡಿತ ತೆಗೆಯಬಹುದು, ಆದರೆ ಸೋಲಾರ್ ಫಿಲ್ಟರು ದೂರದರ್ಶಕದ ಮುಂಬಾಯಿಯನ್ನು ಪೂರ್ತಿ ಮುಚ್ಚಿರಬೇಕು. ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಳೆಗಳು ಇದಕ್ಕೆಂದೇ ಸಿಗುತ್ತವೆ. ಐಪೀಸಿಗೆ ತಿರುಪಿ ಕೂರಿಸುವ ಕಪ್ಪು ಗಾಜು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅದನ್ನು ಇಂದೇ ಒಡೆದು ಎಸೆಯಿರಿ. ಕನ್ನಡಿ ಕೂಡಿಸಿ ತಂದ ಶಾಖಕ್ಕೆ ಅದು ಸಿಡಿದರೆ, ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣು ಹೋಗಿರುತ್ತದೆ. ಗುರಿ ಹಿಡಿಯಲು ದೂರದರ್ಶಕದ ಮೈಮೇಲೆ ಕೂರಿಸಿದ ಪುಟ್ಟ ದುರ್ಬೀನನ್ನೂ, ಅಂದರೆ ಫೈಂಡರನ್ನೂ, ಮರೆಯಬಾರದು: ಅದರ ಮುಚ್ಚಳ ಹಾಕದೆ ಬಿಟ್ಟ ಒಂದು ಬೆಳಗ್ಗೆ, ಒಳಗಿನ ಅಡ್ಡಗೆರೆಗಳು ಕರಗಿ ಹೊಗೆಯೆದ್ದದ್ದನ್ನು ನಾನೇ ಕಂಡಿದ್ದೇನೆ. ಫೈಂಡರಿಲ್ಲದೆ ಸೂರ್ಯನನ್ನು ಹಿಡಿಯಲು, ನೆಲದ ಮೇಲೆ ಬೀಳುವ ಕೊಳವೆಯ ನೆರಳು ಅತಿ ಚಿಕ್ಕದಾಗುವವರೆಗೆ ಅದನ್ನು ತಿರುಗಿಸಿದರೆ ಸಾಕು. ಹಾಳೆಯನ್ನು ಪ್ರತಿ ಸಲವೂ ಉರಿಯುವ ಬಲ್ಬಿಗೆ ಹಿಡಿದು, ಸೂಜಿಮೊನೆಯಷ್ಟು ತೂತು ಕಂಡರೂ ಬಿಸಾಡಬೇಕು.

ನೆಲ ಕಾಯುವ ಮೊದಲು, ಬೆಳಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿದರೆ ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ನಿಚ್ಚಳವಾಗಿ ಬರುತ್ತವೆ. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ ದಶಕಗಳ ಕಾಲ ಸೂರ್ಯನ ಬಿಳಿಬೆಳಕಿನ (ಎಲ್ಲ ಬಣ್ಣ ಸೇರಿದ ಸಹಜ ಬೆಳಕಿನ) ಚಿತ್ರಗಳನ್ನು ತೆಗೆಯುತ್ತ ಬಂದ ದೂರದರ್ಶಕದ ಮಸೂರ 15 ಸೆಂಟಿಮೀಟರಿನದು. ನಿಮ್ಮ ಕನ್ನಡಿಗಿಂತ ಎರಡೇ ಸೆಂಟಿಮೀಟರು ಹೆಚ್ಚು. ನೀವೂ ದಿನಕ್ಕೊಂದರಂತೆ ಎರಡು ವಾರ ತೆಗೆದರೆ, ಪೂರ್ವದಂಚಿನಲ್ಲಿ ಹುಟ್ಟಿಕೊಂಡ ಒಂದು ಕಲೆ ಪಶ್ಚಿಮದಂಚಿನವರೆಗೆ ನಡೆದುಹೋಗುವುದನ್ನು ಸಾಲಾಗಿ ಜೋಡಿಸಿ ನೋಡಬಹುದು. ಅದಕ್ಕಾಗಿ ಪ್ರತಿದಿನ ಒಂದೇ ವೇಳೆಗೆ, ಮೊಬೈಲನ್ನು ಐಪೀಸಿಗೆ ಒಂದೇ ಕೋನದಲ್ಲಿ ಕಟ್ಟಬೇಕು. ಇಲ್ಲವಾದರೆ ಕಲೆ ಸರಿಯಿತೋ, ಮೊಬೈಲು ತಿರುಗಿತೋ ತಿಳಿಯುವುದಿಲ್ಲ.