ಟರ್ಬೊ ಕಾರಿಗೆ ಯಾವ ಟ್ಯೂನಿಂಗ್ ಟೂಲ್? ಮೊದಲು ಲಾಗ್ ನೋಡಿ

ಟರ್ಬೊದಿಂದ ಹೊಗೆ ಹೊರಹೋಗುವ ಡೌನ್‌ಪೈಪ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು. ಇನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಫೈಲ್ ಬದಲಿಸಿ ರೀಮ್ಯಾಪ್ ಮಾಡಿಸಬೇಕೋ, ಸೆನ್ಸರ್ ತಂತಿಗೆ ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿದರೆ ಸಾಕೋ, ಇಲ್ಲ ಕಂಪನಿಯದನ್ನು ತೆಗೆದು ನೇರವಾಗಿ ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿಸಬೇಕೋ? ಮುಂಬೈ, ಪುಣೆಯ ಗ್ಯಾರೇಜುಗಳಲ್ಲಿ ಇದನ್ನು ಕೇಳಿದರೆ, ಅವರ ಹತ್ತಿರ ಯಾವ ಟೂಲ್ ಇದೆಯೋ ಅದೇ ಉತ್ತರವಾಗಿ ಬರುವುದು ಹೆಚ್ಚು. ಟೂಲ್ ತೀರ್ಮಾನವಾಗಬೇಕಾದದ್ದು ನಿಮ್ಮ ಎಂಜಿನ್‌ನ ಯಾವ ಭಾಗ ತನ್ನ ಮಿತಿ ಮುಟ್ಟಿದೆ ಎಂಬುದರ ಮೇಲೆ. ಅದು ತಿಳಿಯಬೇಕಾದರೆ ಮೊದಲ ಖರ್ಚು ಅಳತೆಗೆ ಆಗಬೇಕು.

ಫೋಕ್ಸ್‌ವ್ಯಾಗನ್, ಸ್ಕೋಡಾ ಇದ್ದರೆ ಎಂಜಿನ್ ಮಾಹಿತಿ ಓದಿ ದಾಖಲಿಸಲು (ಲಾಗ್ ಮಾಡಲು) ವಿಸಿಡಿಎಸ್ ಅಥವಾ ಓಬಿಡಿಇಲೆವೆನ್ ಸಾಕು. ಬೇರೆ ಕಾರುಗಳಿಗೆ ಓಬಿಡಿಗೆ, ಅಂದರೆ ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್‌ಗೆ, ಸಿಕ್ಕಿಸುವ ಒಳ್ಳೆಯ ಅಡಾಪ್ಟರ್ ಬೇಕು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಇಎಲ್ಎಂ327 ಫಾಲ್ಟ್ ಕೋಡ್ ಓದಲಿಕ್ಕೆ ಪರವಾಗಿಲ್ಲ. ಲಾಗ್ ಮಾಡಲು ಹೊರಟರೆ ಸೆಕೆಂಡಿಗೆ ಒಂದೆರಡು ರೀಡಿಂಗ್ ಕೊಟ್ಟು ಸುಸ್ತಾಗುತ್ತದೆ, ಆ ಮಧ್ಯದಲ್ಲೇ ನಾಕಿಂಗ್ (ಸ್ಪಾರ್ಕ್ ನಂತರ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು) ಬಂದು ಹೋಗಿರುತ್ತದೆ. ಡೈನೊ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ 3 ಅಥವಾ 4ನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ 6000ದವರೆಗೆ ಪೂರ್ತಿ ಥ್ರಾಟಲ್ ಕೊಟ್ಟು ಇಷ್ಟನ್ನು ಲಾಗ್ ಮಾಡಿ: ಇಸಿಯು ಕೇಳಿದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಮತ್ತು ನಿಜವಾಗಿ ಬಂದ ಬೂಸ್ಟ್, ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೊ ಪಕ್ಕದಿಂದ ಬಿಟ್ಟು ಬೂಸ್ಟ್ ಹಿಡಿದಿಡುವ ಕವಾಟ) ಡ್ಯೂಟಿ ಅಥವಾ ಪೊಸಿಷನ್, ಒಳಬರುವ ಗಾಳಿಯ ಉಷ್ಣತೆ, ಪ್ರತಿ ಸಿಲಿಂಡರಿನ ಇಗ್ನಿಷನ್ ರಿಟಾರ್ಡ್ (ನಾಕಿಂಗ್ ಕಂಡು ಸ್ಪಾರ್ಕ್ ತಡ ಮಾಡಿದ ಡಿಗ್ರಿ), ಫ್ಯುಯೆಲ್ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಕೊಡುವ ಪೈಪ್) ಒತ್ತಡ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ; 1 ಎಂದರೆ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು).

ಈ ಸಾಲುಗಳನ್ನು ಜೊತೆಜೊತೆಗೆ ಇಟ್ಟು ಓದಬೇಕು. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದ್ದರೂ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ ಎಂದರೆ ಎಲ್ಲೋ ಪೈಪ್ ಲೀಕ್ ಇದೆ, ಇಲ್ಲವೇ ಟರ್ಬೊದ ಕೈಲಾಗುವುದು ಇಷ್ಟೇ. ಪೈಪಿಗೆ ಹೊಗೆ ತುಂಬಿ ಲೀಕ್ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸದೆ ಅಂಥ ಕಾರಿಗೆ ಫೈಲ್ ಹಾಕಿಸುವುದು ದುಡ್ಡು ದಂಡ. ರೈಲ್‌ನಲ್ಲಿ 200 ಬಾರ್ ಕೇಳಿ 170 ಬರುತ್ತಿದ್ದರೆ ಹೈ ಪ್ರೆಷರ್ ಪಂಪ್‌ನ ದಮ್ಮು ಮುಗಿಯಿತು, ಅಲ್ಲಿಂದಾಚೆ ಬೂಸ್ಟ್ ಏರಿಸುವಂತಿಲ್ಲ. ಇಗ್ನಿಷನ್ ರಿಟಾರ್ಡ್ ಆಗಾಗ 2–3 ಡಿಗ್ರಿ ಕಂಡರೆ ಗಾಬರಿ ಬೇಡ. ಒಂದೇ ಸಿಲಿಂಡರ್ 5–6 ಡಿಗ್ರಿ ಹಿಂದಕ್ಕೆ ಹೋಗುತ್ತಿದ್ದರೆ ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ. ಎಲ್ಲವೂ ಒಟ್ಟಿಗೆ ಹೋದರೆ ತಪ್ಪು ಪೆಟ್ರೋಲಿನದು, ಶಾಖದ್ದು ಅಥವಾ ಫೈಲ್‌ನದು.

ಶಾಖದ ಬಗ್ಗೆ ಇನ್ನೊಂದು ಮಾತು. ಪೋಲೊ, ಟೈಗುನ್, ಕುಶಾಕ್, ಸ್ಲಾವಿಯಾ, ವರ್ಟಸ್‌ಗಳ 1.0 ಟಿಎಸ್ಐ ಎಂಜಿನ್‌ನಲ್ಲಿ ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಳಗೇ, ತಂಪಾಗುವುದು ನೀರಿನಿಂದ. ಬಂಪರ್ ಹಿಂದೆ ದೊಡ್ಡ ಇಂಟರ್‌ಕೂಲರ್ ಸಿಕ್ಕಿಸುತ್ತೇವೆ ಎನ್ನುವವರಿಗೆ ಇದು ಗೊತ್ತಿದೆಯೇ ಎಂದು ಕೇಳಿ ನೋಡಿ. ಇಂಥ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಆ ನೀರಿನ ಪಂಪ್, ಮುಂದಿನ ಚಿಕ್ಕ ರೇಡಿಯೇಟರ್ ಮತ್ತು ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ ಎಂಬುದನ್ನು.

ಹೊಸ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವ) ಕಾರುಗಳಲ್ಲಿ ಬಹುತೇಕ ಲ್ಯಾಂಬ್ಡಾ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕಂಪನಿಯಿಂದಲೇ ಬಂದಿರುತ್ತದೆ. ಹಳೆಯ ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ಇನ್‌ಟೇಕ್ ಪೈಪಿಗೆ ಬೀಳುವ) ಕಾರಿಗೆ ಬಾಷ್ ಎಲ್ಎಸ್‌ಯು 4.9 ಸೆನ್ಸರ್ ಇರುವ ಗೇಜ್ ಹಾಕಿಸಿ. ಟರ್ಬೊದಿಂದ ಕನಿಷ್ಠ ಒಂದೂವರೆ ಎರಡು ಅಡಿ ಕೆಳಗೆ, ಪೈಪಿನ ಮೇಲ್ಭಾಗಕ್ಕೆ ಬರುವಂತೆ ಸೆನ್ಸರ್ ಕೂರಿಸುವ ಬಂಗ್ ವೆಲ್ಡ್ ಆಗಬೇಕು. ಕೆಳಗೆ ಮುಖ ಮಾಡಿ ಕೂರಿಸಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೈಪಿನಲ್ಲಿ ನಿಂತ ನೀರು ತಾಗಿ ಸೆರಾಮಿಕ್ ಒಡೆಯುತ್ತದೆ. ಸೆನ್ಸರಿಗಿಂತ ಮೊದಲು ಎಕ್ಸಾಸ್ಟ್ ಲೀಕ್ ಇದ್ದರೆ ಮಿಕ್ಸ್ಚರ್ ಇರುವುದಕ್ಕಿಂತ ಲೀನ್ (ಪೆಟ್ರೋಲ್ ಕಡಿಮೆ) ಎಂದು ತೋರಿಸುತ್ತದೆ. ಗೇಜನ್ನು ಲ್ಯಾಂಬ್ಡಾದಲ್ಲೇ ಓದುವ ರೂಢಿ ಒಳ್ಳೆಯದು. ಶುದ್ಧ ಪೆಟ್ರೋಲಿಗೆ ಸರಿಯಾದ ಅನುಪಾತ 14.7, 20% ಎಥನಾಲ್ ಬೆರೆತ ಇ20ಗೆ ಸುಮಾರು 13.5. ಪೆಟ್ರೋಲ್ ಸ್ಕೇಲಿನ ಗೇಜ್ ಮಾತ್ರ ಎರಡಕ್ಕೂ 14.7 ಎಂದೇ ತೋರಿಸುತ್ತದೆ. ಪೂರ್ತಿ ಲೋಡ್‌ನಲ್ಲಿ ಲ್ಯಾಂಬ್ಡಾ 0.80–0.82 ಬೇಕಿದ್ದರೆ ಯಾವ ಇಂಧನವಿದ್ದರೂ ಅದು 0.80–0.82.

ಇನ್ನು ಟೂಲ್‌ಗಳು. ಟ್ಯೂನಿಂಗ್ ಬಾಕ್ಸ್ ಮಾಡುವ ಕೆಲಸ ಬೂಸ್ಟ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಸುಳ್ಳು ಹೇಳುವುದು. ನಿಜಕ್ಕೆ 2.0 ಬಾರ್ ಇದ್ದಾಗ 1.8 ಎನ್ನುತ್ತದೆ. ಇಸಿಯು ಇನ್ನಷ್ಟು ಬೂಸ್ಟ್ ಬಿಡುತ್ತದೆ. ಪೆಟ್ರೋಲಿನ ಕೊರತೆಯನ್ನು ಲ್ಯಾಂಬ್ಡಾ ಸೆನ್ಸರ್ ನೋಡಿ ತುಂಬಿಸಿಕೊಳ್ಳುತ್ತದೆ. ಆದರೆ ಇಗ್ನಿಷನ್ ಟೈಮಿಂಗ್ ಆರಿಸಿಕೊಳ್ಳುವುದು 1.8ರ ಲೆಕ್ಕಕ್ಕೆ. ಅಂದರೆ ಇರಬೇಕಾದದ್ದಕ್ಕಿಂತ ಮುಂದೆ. ಉಳಿದದ್ದನ್ನೆಲ್ಲ ನಾಕ್ ಸೆನ್ಸರ್ ತಡೆಯಬೇಕು, ಓವರ್‌ಬೂಸ್ಟ್ ರಕ್ಷಣೆಯೂ ಅಷ್ಟರಮಟ್ಟಿಗೆ ಕುರುಡಾಗುತ್ತದೆ. ಜೆಬಿ4ನಂತೆ ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನ್ ಓದಿ ನಾಕಿಂಗ್ ಕಂಡಾಗ ಬೂಸ್ಟ್ ಇಳಿಸುವ ಬಾಕ್ಸ್ ಆದರೆ ಮಾತು ಬೇರೆ. ಎರಡು ಸಾಕೆಟ್ ಮತ್ತು ಒಂದು ತಿರುಪುಗುಂಡಿ ಮಾತ್ರ ಇರುವ ಬಾಕ್ಸಿಗೆ ಹಾಕುವ ದುಡ್ಡಲ್ಲಿ ಒಳ್ಳೆಯ ಪ್ಲಗ್ ಸೆಟ್ ತಗೊಳ್ಳಿ.

ಹಾರ್ಡ್‌ವೇರ್ ಹೆಚ್ಚೂಕಡಿಮೆ ಕಂಪನಿಯದೇ ಆಗಿದ್ದರೆ, ಇಸಿಯು ಫ್ಲ್ಯಾಶ್, ಅಂದರೆ ರೀಮ್ಯಾಪ್, ಮಾಡಿಸುವುದೇ ಸರಿಯಾದ ದಾರಿ. ಟ್ಯೂನರ್ ಬಳಿ ಕೆಸ್3, ಆಟೋಟ್ಯೂನರ್, ಎಂಥದ್ದೇ ಟೂಲ್ ಇರಲಿ, ಕೇಳಬೇಕಾದದ್ದು ಬೇರೆ. ಟೂಲ್ ಮಾಸ್ಟರ್ರೋ ಸ್ಲೇವೋ? ಸ್ಲೇವ್ ಆದರೆ ಫೈಲ್ ಬರೆಯುವವನು ಬೇರೆ ಊರಲ್ಲಿ ಕೂತಿರುತ್ತಾನೆ. ನಿಮ್ಮ ಲಾಗ್ ಅವನಿಗೆ ಹೋಗುತ್ತದೆಯೇ, ಪರಿಷ್ಕರಿಸಿದ ಫೈಲ್ ವಾಪಸ್ ಬರುತ್ತದೆಯೇ ಎಂಬುದು ಮುಖ್ಯ. ನಿಮ್ಮ ಕಾರಿನದೇ ಒರಿಜಿನಲ್ ಫೈಲ್ ಓದಿ ನಿಮಗೊಂದು ಕಾಪಿ ಕೊಡುತ್ತಾರೆಯೇ? ಓಬಿಡಿ ಮೂಲಕ ಎಷ್ಟೋ ಇಸಿಯುಗಳು ಪೂರ್ತಿ ಓದಲು ಬಿಡುವುದಿಲ್ಲ, ಟೂಲ್ ತನ್ನ ಸರ್ವರ್‌ನಿಂದ ಅದೇ ಸಾಫ್ಟ್‌ವೇರ್ ನಂಬರಿನ ಫೈಲ್ ತಂದುಕೊಡುತ್ತದೆ. ಪೂರ್ತಿ ಓದಬೇಕಾದರೆ ಇಸಿಯು ಬಿಚ್ಚಿ ಬೆಂಚ್ ಮೇಲೆ ಓದಬೇಕು. ಬರೆಯುವಾಗ ಬ್ಯಾಟರಿಗೆ 13 ವೋಲ್ಟ್ ದಾಟಿ ಕದಲದೆ ನಿಲ್ಲುವ ಪವರ್ ಸಪ್ಲೈ ಕೊಟ್ಟಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಇಸಿಯು ಅರ್ಧಕ್ಕೆ ಸತ್ತುಹೋಗುವ ಕೇಸುಗಳಲ್ಲಿ ವೋಲ್ಟೇಜ್ ಕುಸಿತ ಮತ್ತು ಡೂಪ್ಲಿಕೇಟ್ ಟೂಲ್‌ನ ತಪ್ಪು ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಇವೆರಡರ ಪಾಲು ದೊಡ್ಡದು.

ಫೈಲ್ ಹಾಕಿಸುವಾಗ ಆಸೆ ಟಾರ್ಕ್ ಮೇಲಿರುತ್ತದೆ. ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ 1500–2500 ಆರ್‌ಪಿಎಂನಲ್ಲಿ ಲೋಡ್ ತುಂಬಿದರೆ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ನಾಕ್ ಸೆನ್ಸರ್ ತಡೆಯಲಾರದು, ಪಿಸ್ಟನ್ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಒಡೆಯಲು ಒಂದೆರಡು ಹೊಡೆತ ಸಾಕು. ಟಾರ್ಕನ್ನು 2500ರ ನಂತರ ನಿಧಾನಕ್ಕೆ ಏರಿಸಿದ ಫೈಲ್ ಸೀಟಿಗೆ ಒತ್ತುವಂತೆ ಅನ್ನಿಸದಿದ್ದರೂ ಎಂಜಿನ್ ಉಳಿಸುತ್ತದೆ. ಗೇರ್‌ಬಾಕ್ಸ್ ಕೂಡ ನೋಡಬೇಕು. ಡಿಕ್ಯೂ200 ಎಂಬ ಡ್ರೈ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಪೋಲೊ 1.2 ಟಿಎಸ್ಐ ಕಂಪನಿಯಿಂದ 175ರಲ್ಲಿ ಬಂದದ್ದು, ಅಲ್ಲಿ ಜಾಗವಿದೆ. ಆಕ್ಟೇವಿಯಾ 1.8ಕ್ಕೆ ಕಂಪನಿಯೇ 250 ಕೊಟ್ಟುಬಿಟ್ಟಿದೆ.

ಸ್ಟ್ಯಾಂಡ್‌ಅಲೋನ್ ಬೇಕಾಗುವುದು ಕಂಪನಿ ಇಸಿಯುಗೆ ಅರ್ಥವೇ ಆಗದಷ್ಟು ಬದಲಾವಣೆ ಆದಾಗ: ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್, ಬೇರೆ ಮ್ಯಾಪ್ (ಬೂಸ್ಟ್ ಒತ್ತಡ) ಸೆನ್ಸರ್. ಪುಣೆ ಹತ್ತಿರದ ರಂಜನಗಾಂವ್ ಕಾರ್ಖಾನೆಯಿಂದ ಬಂದ ಲಿನಿಯಾ ಟಿ-ಜೆಟ್, ಅಬಾರ್ತ್ ಪುಂಟೊಗಳ 1.4 ಎಂಜಿನ್ ಪೋರ್ಟ್ ಇಂಜೆಕ್ಷನ್‌ದು. ಇಂಥದ್ದಕ್ಕೆ ಇಸಿಯುಮಾಸ್ಟರ್ ಇಎಂಯು ಬ್ಲ್ಯಾಕ್, ಲಿಂಕ್, ಹಾಲ್ಟೆಕ್ ಎಲ್ಲ ನಡೆಯುತ್ತವೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗೆ ಈ ಬೆಲೆಯ ಹೆಚ್ಚಿನ ಇಸಿಯುಗಳು ಆಗಿಬರುವುದಿಲ್ಲ. ಇಂಜೆಕ್ಟರ್ ಡ್ರೈವರೂ ಇಲ್ಲ, ಹೈ ಪ್ರೆಷರ್ ಪಂಪ್ ನಿಯಂತ್ರಣವೂ ಇಲ್ಲ. ಮೋಟೆಕ್ ಎಂ142ನಂಥದ್ದು ಬೇಕು, ಆ ದುಡ್ಡಿಗೆ ಇನ್ನೊಂದು ಹಳೇ ಕಾರು ಬರುತ್ತದೆ. ಮೀಟರ್, ಎಸಿ, ಇಮೊಬಿಲೈಸರ್ ಕ್ಯಾನ್ ಮೂಲಕ ಮಾತಾಡುವ ಕಾರಾದರೆ ಅವನ್ನೆಲ್ಲ ಮತ್ತೆ ಎಬ್ಬಿಸುವ ಕೆಲಸ ಟ್ಯೂನಿಂಗ್‌ಗಿಂತ ದೊಡ್ಡದು.

ಇಂಜೆಕ್ಟರ್ ಲೆಕ್ಕ ನೀವೇ ಹಾಕಬಹುದು. ಕ್ರ್ಯಾಂಕ್‌ನಲ್ಲಿ 200 ಎಚ್‌ಪಿ ಗುರಿ ಎನ್ನಿ. ಟರ್ಬೊ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ, ಒಟ್ಟು 54 ಕೆಜಿ. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ ನಿಮಿಷಕ್ಕೆ ಸುಮಾರು 305 ಸಿಸಿ. ಇಂಜೆಕ್ಟರ್ 85% ಡ್ಯೂಟಿ (ತೆರೆದಿರುವ ಸಮಯದ ಪಾಲು) ದಾಟಬಾರದು, ಹಾಗಾಗಿ 360. ಇ20ಗೆ ಸುಮಾರು 7% ಸೇರಿಸಿ, 385. ರಿಟರ್ನ್ ಲೈನ್ ಇಲ್ಲದ, ರೈಲ್ ಒತ್ತಡ 3.5 ಬಾರ್‌ಗೇ ನಿಂತ ಕಾರಾದರೆ, 1 ಬಾರ್ ಬೂಸ್ಟ್ ಬಂದಾಗ ಇಂಜೆಕ್ಟರಿಗೆ ಸಿಗುವ ವ್ಯತ್ಯಾಸ 2.5 ಬಾರ್ ಮಾತ್ರ, ಹರಿವು 15% ಇಳಿಯುತ್ತದೆ. 450 ಸಿಸಿ ಇಂಜೆಕ್ಟರ್ ಬೇಕಾಗುವುದು ಹೀಗೆ. ಕೊಳ್ಳುವಾಗ ಡೆಡ್ ಟೈಮ್ (ತೆರೆಯಲು ತಗಲುವ ತಡ) ಪಟ್ಟಿ ಕೇಳಿ ತಗೊಳ್ಳಿ, ಅದಿಲ್ಲದ ಇಂಜೆಕ್ಟರಿನಲ್ಲಿ ಐಡ್ಲಿಂಗ್ ಸರಿಮಾಡುವುದರಲ್ಲೇ ವಾರ ಹೋಗುತ್ತದೆ.

ಮುಂಬೈ, ಗೋವಾದ ಕರಾವಳಿಯಲ್ಲಿ ಗಾಳಿಯ ಒತ್ತಡ 1.01 ಬಾರ್, ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ 0.95. ಇಸಿಯು 2.0 ಬಾರ್ ಒಟ್ಟು ಒತ್ತಡ ಹಿಡಿಯಲು ಹೊರಟರೆ ಪುಣೆಯಲ್ಲಿ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಗಾಳಿ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಮುಂಬೈಯಲ್ಲಿ ಜನವರಿಯ ಬೆಳಿಗ್ಗೆ ಡೈನೊ ಮೇಲೆ ಚೆನ್ನಾಗಿ ಬಂದ ಗ್ರಾಫ್ ಮೇ ತಿಂಗಳಲ್ಲಿ ಖೋಪೋಲಿಯಿಂದ ಖಂಡಾಲಾ ಹತ್ತುವಾಗಿನ ಕಥೆ ಹೇಳುವುದಿಲ್ಲ. ಘಾಟ್‌ನಲ್ಲಿ, ಎಸಿ ಹಾಕಿ, ನಾಲ್ಕು ಜನ ಕೂತು, ವೇಗದ ಮಿತಿಯೊಳಗೇ ಒಂದು ಲಾಗ್ ತೆಗೆಸಿ. ಲ್ಯಾಪ್‌ಟಾಪ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಗಾಳಿ 60 ಡಿಗ್ರಿ ದಾಟಿದಾಗ ಬೂಸ್ಟ್ ತಾನಾಗಿ ಇಳಿಯುವಂತೆ ಫೈಲ್ ಇರಬೇಕು.

ಹಬ್ಬಕ್ಕೆ ಪುಣೆಯಿಂದ ಖಂಬಾಟಕಿ ಘಾಟ್ ದಾಟಿ ಬೆಳಗಾವಿ, ಧಾರವಾಡದ ಕಡೆ ಓಡುವ ಕಾರಾದರೆ ಎಕ್ಸ್‌ಪಿ100 (100 ಆಕ್ಟೇನ್ ಪೆಟ್ರೋಲ್) ಮೇಲೆ ಫೈಲ್ ಮಾಡಿಸಬೇಡಿ. ದಾರಿಯಲ್ಲಿ ಯಾವ ಬಂಕ್‌ನಲ್ಲೂ ಸಿಗುವ ಮಾಮೂಲಿ ಪೆಟ್ರೋಲಿಗೆ ಒಂದು ಮ್ಯಾಪ್ (ಫೈಲ್) ಇರಲಿ, 95 ಆಕ್ಟೇನಿಗೆ ಬೇಕಿದ್ದರೆ ಇನ್ನೊಂದು.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವ ಫೈಲ್ ರಸ್ತೆ ಕಾರಿಗೆ ಬೇಡವೇ ಬೇಡ, ಪಿಯುಸಿಯಲ್ಲೇ ಸಿಕ್ಕಿಬೀಳಬಹುದು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ಹೊತ್ತಿಗೆ ತಕರಾರಿಗೆ ಕಾರಣವಾಗುತ್ತದೆ. ಟ್ರ್ಯಾಕ್ ಕಾರಿಗೆ ಬೇರೆ ಫೈಲ್, ಬೇರೆ ಡೌನ್‌ಪೈಪ್ ಇಟ್ಟುಕೊಳ್ಳಿ.