ಮಾವನ ಮಂಡಿಯ ಲೆಕ್ಕವೂ ಅನುಭವವೇ

ಕಳೆದ ತಿಂಗಳು ತಿಪಟೂರು ಕಡೆಯ ಹುಡುಗಿಯೊಬ್ಬಳು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಸಂದರ್ಶನಕ್ಕೆ ಬಂದಿದ್ದಳು. ಬಿ.ಕಾಂ. ಮುಗಿದು ಒಂದು ವರ್ಷ ಆಗಿತ್ತು. ರೆಸ್ಯೂಮ್‌ನಲ್ಲಿ ಅಪ್ಪನ ಹೆಸರು, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕ, ಹವ್ಯಾಸ, ಕೊನೆಯಲ್ಲಿ ಸಹಿ, ಎಲ್ಲವೂ ಇತ್ತು. ಅನುಭವದ ಜಾಗದಲ್ಲಿ ಮಾತ್ರ ‘ಫ್ರೆಶರ್’ ಅಂತ ಒಂದೇ ಪದ.

“ಈ ಒಂದು ವರ್ಷ ಏನು ಮಾಡ್ತಿದ್ದೆಯಮ್ಮಾ?” ಎಂದು ಕೇಳಿದೆ.

“ಮನೇಲೇ ಇದ್ದೆ ಮೇಡಂ.”

ಬಿಡದೆ ಕೇಳಿದ ಮೇಲೆ ಗೊತ್ತಾಯಿತು. ಅವಳು ಮಾವನ ಕೊಬ್ಬರಿ ಮಂಡಿಯಲ್ಲಿ ಕೂತು ಬಿಲ್ ಹಾಕುತ್ತಿದ್ದಳು. ದಿನದ ಖರೀದಿ, ಮಾರಾಟವನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸುತ್ತಿದ್ದಳು. ಬ್ಯಾಂಕಿನ ಲೆಕ್ಕಕ್ಕೂ ಮಂಡಿಯ ಲೆಕ್ಕಕ್ಕೂ ತಾಳೆ ನೋಡುತ್ತಿದ್ದಳು. ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಪಟ್ಟಿಯನ್ನು ಪ್ರತಿ ತಿಂಗಳು ಆಡಿಟರ್‌ಗೆ ಕಳಿಸುತ್ತಿದ್ದಳು.

“ಇದನ್ನ ಯಾಕೆ ಬರೆದಿಲ್ಲ?”

“ಅದೇನು ಕೆಲಸಾನಾ ಮೇಡಂ? ನಮ್ಮ ಮಾವನ ಅಂಗಡಿ ಅಲ್ವಾ?”

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಜನರನ್ನು ಕೆಲಸಕ್ಕೆ ಆರಿಸುವುದೇ ನನ್ನ ಕೆಲಸ. ಹದಿನಾರು ವರ್ಷವಾಯಿತು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಶಿರಾ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಎರಡು ಬೇಸಿಗೆ ದುಡಿದಿದ್ದ. ಫೀಲರ್ ಗೇಜ್ ಹಿಡಿದು ಟ್ಯಾಪೆಟ್ ಸೆಟ್ಟಿಂಗ್ ಮಾಡಿದ್ದ. ವರ್ನಿಯರ್ ಕೈಗೆ ಕೊಟ್ಟರೆ 0.02 ಮಿಲಿಮೀಟರ್‌ವರೆಗೆ ತಡವರಿಸದೆ ಓದಿದ. ಅವನ ರೆಸ್ಯೂಮ್‌ನಲ್ಲೂ ಬರೀ ‘ಫ್ರೆಶರ್’. ಗ್ಯಾರೇಜ್ ಅಂತ ಬರೆದರೆ ಕೀಳಾಗಿ ಕಾಣ್ತಾರೆ ಅಂದುಕೊಂಡಿದ್ದನಂತೆ. ನಮ್ಮ ಕ್ವಾಲಿಟಿ ವಿಭಾಗಕ್ಕೆ ಬೇಕಾಗಿದ್ದದ್ದೇ ಅಂಥ ಕೈ.

ಸೈಬರ್ ಸೆಂಟರ್‌ನಲ್ಲಿ ಬೇರೆಯವರ ರೆಸ್ಯೂಮ್ ತೆಗೆದು, ಹೆಸರು ಬದಲಿಸಿ ಪ್ರಿಂಟ್ ಹಾಕಿಸುತ್ತೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಅದರ ಮೇಲಿನ ‘ಆಬ್ಜೆಕ್ಟಿವ್’ ಸಾಲನ್ನು ನಾವು ಯಾರೂ ಓದುವುದಿಲ್ಲ. ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಧರ್ಮ, ಇವು ಬೇಡವೇ ಬೇಡ. ಆ ಜಾಗದಲ್ಲಿ ನೀವು ಕೈಯಾರೆ ಮಾಡಿದ ಕೆಲಸವನ್ನು ನಾಲ್ಕು ಸಾಲು ಬರೆಯಿರಿ. ಎಲ್ಲಿ, ಎಷ್ಟು ತಿಂಗಳು, ಏನು ಮಾಡಿದಿರಿ, ದಿನಕ್ಕೆ ಎಷ್ಟು ಬಿಲ್, ಯಾವ ಮಷೀನು, ಯಾವ ಸಾಫ್ಟ್‌ವೇರ್. ಹಾಲಿನ ಡೇರಿಯಲ್ಲಿ ಲೆಕ್ಕ ಬರೆದಿದ್ದರೆ ಅದನ್ನೂ ಬರೆಯಿರಿ. ಸಂಬಳ ಬಂದಿರಲೇಬೇಕು ಅಂತ ಏನೂ ಇಲ್ಲ.

ಇಷ್ಟು ವಿವರ ಯಾಕೆ ಬೇಕು? ನಾವು ಹುಡುಕುವ ರೀತಿ ಹಾಗಿದೆ. ನೌಕ್ರಿಯಂಥ ಜಾಲತಾಣದಲ್ಲಿ ನಾನು ಕೂತು ‘ಟ್ಯಾಲಿ’, ‘ಜಿಎಸ್‌ಟಿ’ ಅಂತ ಟೈಪ್ ಮಾಡುತ್ತೇನೆ. ಮಷೀನ್ ಶಾಪ್‌ಗೆ ಆದರೆ ‘ವಿಎಂಸಿ’, ‘ಫ್ಯಾನಕ್’ ಅಂತ ಮಷೀನು, ಅದರ ಕಂಟ್ರೋಲರ್ ಹೆಸರು. ಆ ಪದ ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲ ಅಂದರೆ ನೀವು ನನ್ನ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ವಿಷಯ. ಈಚೆಗೆ ಲಾಗಿನ್ ಆದವರನ್ನು ಮಾತ್ರ ತೋರಿಸು ಅಂತ ನಾವು ಆಯ್ಕೆ ಮಾಡಿಕೊಳ್ಳುತ್ತೇವೆ. ಆರು ತಿಂಗಳ ಹಿಂದೆ ಹಾಕಿ ಸುಮ್ನೆ ಬಿಟ್ಟ ಪ್ರೊಫೈಲ್ ಅಲ್ಲೇ ಉಳಿದುಹೋಗುತ್ತದೆ. ವಾರಕ್ಕೆ ಎರಡು ಸಲವಾದರೂ ಒಳಗೆ ಹೋಗಿ ಬನ್ನಿ. ಗೊತ್ತಿಲ್ಲದ ನಂಬರ್‌ನಿಂದ ಮಿಸ್ಡ್ ಕಾಲ್ ಇದ್ದರೆ ಅವತ್ತೇ ವಾಪಸ್ ಮಾಡಿ. ನಾಳೆ ಮಾಡಿದರೆ ಆ ಜಾಗಕ್ಕೆ ಇನ್ಯಾರೋ ಬಂದಿರುತ್ತಾರೆ.

ಮಾಡಿದ್ದನ್ನು ಮುಚ್ಚಿಡುವುದು ಒಂದು ತಪ್ಪಾದರೆ, ಮಾಡದ್ದನ್ನು ಬರೆಯುವುದು ಅದಕ್ಕಿಂತ ದೊಡ್ಡದು. ದುಡ್ಡು ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಮಾಡಿಕೊಡುವವರು ಇದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಪಿಎಫ್ (ಭವಿಷ್ಯ ನಿಧಿ) ಕಟ್ಟುವ ಪ್ರತಿಯೊಬ್ಬರಿಗೂ ಯುಎಎನ್ ಅನ್ನುವ 12 ಅಂಕಿಯ ಖಾತೆ ನಂಬರ್ ಇರುತ್ತದೆ. 2014ರಲ್ಲಿ ಬಂದ ವ್ಯವಸ್ಥೆ ಇದು. ಕಂಪನಿ ಬದಲಾದರೂ ನಂಬರ್ ಅದೇ. ಯಾವ ಕಂಪನಿಗೆ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಅನ್ನುವುದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಕಾಣುತ್ತದೆ. ಕೆಲಸಕ್ಕೆ ಸೇರುವಾಗ ನಾವು ಅದನ್ನು ಕೇಳುತ್ತೇವೆ. ಸಂದರ್ಶನದಲ್ಲಿ ಎಲ್ಲರಿಗೂ ಮೆಚ್ಚುಗೆಯಾದ ಒಬ್ಬ ಹುಡುಗನನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಬೇಕಾಯಿತು. ಅನುಭವವೇ ಇಲ್ಲ ಅಂದಿದ್ದರೂ ಟ್ರೈನಿಯಾಗಿ ತೆಗೆದುಕೊಳ್ಳುತ್ತಿದ್ದೆವು. ಆ ದಿನ ನನಗೆ ಊಟ ಸೇರಲಿಲ್ಲ.

ಸಬ್ಜೆಕ್ಟ್ ಫೇಲಾಗಿದ್ದರೆ ಹೇಳಿ. ಅಪ್ಪನಿಗೆ ಹುಷಾರಿಲ್ಲದೆ ಒಂದು ವರ್ಷ ಮನೆಯಲ್ಲಿ ಇದ್ದರೆ ಅದನ್ನೂ ಹೇಳಿ. ಒಂದೇ ವಾಕ್ಯ ಸಾಕು, ಕಣ್ಣೀರು ಹಾಕುವುದು ಬೇಡ. ಇಂಗ್ಲಿಷ್ ಬರದಿದ್ದರೆ “ಕನ್ನಡದಲ್ಲಿ ಹೇಳಬಹುದಾ?” ಎಂದು ಕೇಳಿ. ಬಾಯಿಪಾಠ ಮಾಡಿದ ಇಂಗ್ಲಿಷಿಗಿಂತ ಕೆಲಸ ಗೊತ್ತಿರುವ ಕನ್ನಡ ಮಾತು ನಮಗೆ ಜಾಸ್ತಿ ಉಪಯೋಗ. ಕಸ್ಟಮರ್ ಜೊತೆ ಮಾತಾಡುವ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು, ಅದು ಬೇರೆ ಮಾತು. ಹಾಗೆಯೇ, ಪೀಣ್ಯಕ್ಕೆ ಬರುವವರು ವಿಳಾಸದಲ್ಲಿ ಎಷ್ಟನೇ ಹಂತ ಎಂದು ನೋಡಿಕೊಂಡು, ಲೊಕೇಶನ್ ಕೇಳಿ ಹಾಕಿಸಿಕೊಂಡು ಬನ್ನಿ. ಒಂದನೇ ಹಂತಕ್ಕೆ ಬರಬೇಕಾದವರು ನಾಲ್ಕನೇ ಹಂತದಲ್ಲಿ ಅಲೆದು ಬೆವರಿಕೊಂಡು ಬರುತ್ತಾರೆ, ಪಾಪ.

ಡಿಪ್ಲೊಮಾ, ಐಟಿಐ ಮುಗಿಸಿದವರು ಅಪ್ರೆಂಟಿಸ್ ಅಂದರೆ ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ, ಒಳ್ಳೆಯ ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗುವುದು ಗೊತ್ತು ಗುರಿಯಿಲ್ಲದ ಕಡೆ ಎರಡು ವರ್ಷ ದುಡಿಯುವುದಕ್ಕಿಂತ ಮೇಲು. ಆದರೆ ತಿಳಿದು ಸೇರಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅದಕ್ಕೆ ಒಪ್ಪಂದ ಇರಬೇಕು, ಅದು ನೋಂದಣಿ ಆಗಬೇಕು. ಬರುವುದು ಸ್ಟೈಪೆಂಡ್, ಅದಕ್ಕೆ ಪಿಎಫ್ ಇರುವುದಿಲ್ಲ. ಹಿಂದಿನ ವರ್ಷದ ಅಪ್ರೆಂಟಿಸ್‌ಗಳಲ್ಲಿ ಎಷ್ಟು ಜನರನ್ನು ಉಳಿಸಿಕೊಂಡಿರಿ ಎಂದು ಎಚ್‌ಆರ್‌ನವರನ್ನು ಮೊದಲೇ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಿಪಟೂರಿನ ಹುಡುಗಿಗೆ ನಾವು ಕೆಲಸ ಕೊಟ್ಟೆವು. ಆಫರ್ ಲೆಟರ್‌ನಲ್ಲಿ ಸಿಟಿಸಿ, ಅಂದರೆ ಕಂಪನಿಗೆ ಅವಳ ಮೇಲೆ ಬೀಳುವ ಒಟ್ಟು ಖರ್ಚು, ವರ್ಷಕ್ಕೆ 2,78,040 ರೂಪಾಯಿ ಅಂತ ಇತ್ತು. ಅವಳು ಫೋನಿನಲ್ಲಿ ಭಾಗಿಸಿ, “ತಿಂಗಳಿಗೆ 23 ಸಾವಿರ ಅಲ್ವಾ ಮೇಡಂ?” ಎಂದಳು. ಪಿಜಿ ಬಾಡಿಗೆ ಕಳೆದು ಅಮ್ಮನಿಗೆ ಎಷ್ಟು ಕಳಿಸಬಹುದು ಎಂದು ಆಗಲೇ ಲೆಕ್ಕ ಹಾಕಿದ್ದಳು. ಕೂರಿಸಿ ಬಿಡಿಸಿ ತೋರಿಸಿದೆ.

ತಿಂಗಳಿಗೆ 23,170. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ 1,800, ಇಎಸ್‌ಐ (ಚಿಕಿತ್ಸೆ ಕೊಡಿಸುವ ಕಾರ್ಮಿಕರ ವಿಮೆ) 650, ಗ್ರಾಚ್ಯುಟಿಗೆ ಎಂದು ಎತ್ತಿಡುವುದು 720. ಇವು ಈಗ ಕೈಗೆ ಬರುವ ದುಡ್ಡಲ್ಲ. ಉಳಿದ 20,000 ಗ್ರಾಸ್ ಸಂಬಳ. ಮೂಲ ವೇತನ 15,000 ಇದ್ದದ್ದರಿಂದ ಅದರ 12% ಎಂದರೆ 1,800 ಅವಳ ಪಾಲಿನ ಪಿಎಫ್. ಗ್ರಾಸ್‌ನ 0.75%, ಅಂದರೆ 150 ರೂಪಾಯಿ ಅವಳ ಇಎಸ್‌ಐ. ಬ್ಯಾಂಕಿಗೆ ಬೀಳುವುದು 18,050. ಮುಖ ಸಪ್ಪಗಾಯಿತು. ಆದರೆ ಮೊದಲ ಸಂಬಳದ ದಿನ ಗೊತ್ತಾಗುವುದಕ್ಕಿಂತ ಸೇರುವ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು. “ಕೈಗೆ ಎಷ್ಟು ಬರತ್ತೆ?” ಅನ್ನುವ ಪ್ರಶ್ನೆಯನ್ನು ಆಫರ್ ಒಪ್ಪುವ ಮೊದಲು ಕೇಳಿ, ಬಿಡಿಸಿದ ಲೆಕ್ಕವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ.

ಇಎಸ್‌ಐ ಬಗ್ಗೆ ಒಂದು ಮಾತು. ತಿಂಗಳ ಸಂಬಳ 21,000 ದಾಟಿದರೆ ಹೊಸದಾಗಿ ಸೇರುವವರಿಗೆ ಅದು ಸಿಗುವುದಿಲ್ಲ. ನಿಮ್ಮನ್ನೇ ನಂಬಿರುವ ಅಪ್ಪ, ಅಮ್ಮನಿಗೆ ಕಾಯಿಲೆ ಇದ್ದರೆ, ಇಎಸ್‌ಐ ಇರುವ 20,500ರ ಕೆಲಸ ಅದಿಲ್ಲದ 21,500ರ ಕೆಲಸಕ್ಕಿಂತ ಮನೆಗೆ ಆಸರೆ. ಆ ಕಂಪನಿ ಬೇರೆ ಆರೋಗ್ಯ ವಿಮೆ ಕೊಡುತ್ತದೆಯೇ, ಅದರಲ್ಲಿ ಅಪ್ಪ ಅಮ್ಮ ಸೇರುತ್ತಾರೆಯೇ ಎಂದು ಕೇಳಿಕೊಂಡು ತೀರ್ಮಾನ ಮಾಡಿ.

ರಿಜಿಸ್ಟ್ರೇಶನ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇರಲಿ, ಕೆಲಸ ಕೊಡುತ್ತೇವೆಂದು ದುಡ್ಡು ಕೇಳಿದರೆ ಅಲ್ಲೇ ಫೋನ್ ಇಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಕಳಿಸಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯವರು ಬೈಯುತ್ತಾರೆ ಅಂತ ಎರಡು ದಿನ ಸುಮ್ಮನಿದ್ದರೆ ದುಡ್ಡು ಕೈಬಿಟ್ಟು ಹೋಗುತ್ತದೆ.

ನನ್ನ ಮೊದಲ ಕೆಲಸದಲ್ಲಿ ಡಿಗ್ರಿ ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಇಟ್ಟುಕೊಂಡಿದ್ದರು. ಆ ಕೆಲಸ ಬಿಟ್ಟ ಮೇಲೆ ಅವನ್ನು ವಾಪಸ್ ತರಲು ನಾಲ್ಕು ತಿಂಗಳು ಅಲೆದೆ. ಅಷ್ಟರಲ್ಲಿ ಸಿಕ್ಕಿದ್ದ ಇನ್ನೊಂದು ಕೆಲಸ ಕೈತಪ್ಪಿತು. ಒರಿಜಿನಲ್ ತೋರಿಸಬೇಕು, ಕೊಡಬಾರದು ಅಂತ ನನಗೆ ಅವತ್ತು ಹೇಳುವವರು ಇರಲಿಲ್ಲ.

ತಿಪಟೂರಿನ ಹುಡುಗಿಯೂ ಸಹಿ ಹಾಕಿ, ಫೈಲನ್ನು ನನ್ನ ಮೇಜಿನ ಮೇಲೆ ಬಿಟ್ಟು ಎದ್ದು ನಿಂತಳು. ಅವಳ ಎದುರೇ ನೋಡಿ, ಜೆರಾಕ್ಸ್ ಮಾಡಿಸಿ, ಒರಿಜಿನಲ್‌ಗಳನ್ನು ಒಂದೊಂದಾಗಿ ಎಣಿಸಿ ಅವಳ ಬ್ಯಾಗಿಗೆ ಹಾಕಿಸಿದೆ.