ಔಷಧ ಮಾಹಿತಿ ಸೇವೆಯೊಳಗಿನ ‘ಮಾಹಿತಿ’

‘ಔಷಧ ಮಾಹಿತಿ ಸೇವೆ: ನಿಮ್ಮ ಮಾತ್ರೆ ಎಲ್ಲಿ ಸಿಗುತ್ತದೆ, ರೇಟು ಎಷ್ಟು, ಕೂಡಲೇ ತಿಳಿಯಿರಿ.’ ಈ ಧಾಟಿಯ ಜಾಹೀರಾತು ಸಾಲು ಈ ತಿಂಗಳಲ್ಲೇ ಮೂರನೇ ಸಲ ಕಣ್ಣಿಗೆ ಬಿತ್ತು. ಅದನ್ನು ದಾಸ್ತಾನು ವಿಚಾರಣೆ ಅನ್ನಿ, ದರಪಟ್ಟಿ ಅನ್ನಿ, ನನ್ನ ತಕರಾರಿಲ್ಲ. ಆದರೆ ಔಷಧ ಮಾಹಿತಿ ಸೇವೆ ಎಂಬ ಹೆಸರು ಬೇರೊಂದು ಕೆಲಸಕ್ಕೆ ಸಂದು ಬಹಳ ಕಾಲವಾಯಿತು: ವೈದ್ಯರು, ನರ್ಸುಗಳು ಔಷಧದ ಬಗ್ಗೆ ಕೇಳಿದ್ದಕ್ಕೆ ಫಾರ್ಮಾಸಿಸ್ಟ್ ಪುರಾವೆ ಹುಡುಕಿ, ಆ ರೋಗಿಗೆ ಹೊಂದುವ ಉತ್ತರ ಕೊಡುವುದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಇಂಥ ಮೊದಲ ಕೇಂದ್ರ ಶುರುವಾದದ್ದು 1962ರಲ್ಲಿ. (‘ಡ್ರಗ್ಸ್ ಮಾಹಿತಿ ಕೇಂದ್ರ’ ಎಂದು ಅನುವಾದಿಸಿದ್ದನ್ನೂ ನೋಡಿದ್ದೇನೆ. ಪೊಲೀಸರು ಬರುವುದೊಂದು ಬಾಕಿ.)

ಔಷಧ ಯಾವುದೆಂದು ಎಲ್ಲರಿಗೂ ಗೊತ್ತು. ಎಡವುವುದು ‘ಮಾಹಿತಿ’ಯಲ್ಲಿ. ಮಾಹಿತಿ ಅಂದರೆ ಪೇಟ ಸುತ್ತಿಕೊಂಡ ಸುದ್ದಿ ಎಂದು ಅನೇಕರು ತಿಳಿದಂತಿದೆ. ತಮಾಷೆಯೆಂದರೆ, ‘ಸುದ್ದಿ’ಯೂ ಒಂದು ಕಾಲಕ್ಕೆ ಇಷ್ಟು ಅಗ್ಗದ ಮಾತಾಗಿರಲಿಲ್ಲ. ಅದು ಸಂಸ್ಕೃತದ ‘ಶುದ್ಧಿ’ಯ ತದ್ಭವ. ಶುದ್ಧಿ ಅಂದರೆ ತೊಳೆದು ಹಸನು ಮಾಡುವುದಷ್ಟೇ ಅಲ್ಲ, ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದೂ ಹೌದು. ಪ್ರಾಕೃತದ ‘ಸುದ್ಧಿ’ಗೆ ವಿಚಾರಣೆ, ವರ್ತಮಾನ ಎಂಬ ಅರ್ಥಗಳು ಸೇರಿಕೊಂಡವು, ಹಿಂದಿಯ ‘ಸುಧ್’ ಇದೇ ಕುಲದ್ದು. ವಿಚಾರಿಸಿ, ಕಸ ತೆಗೆದು, ಕೈಗೆ ಬಂದದ್ದು ಸುದ್ದಿ. ಈಗ ನೋಡಿ: ಗಾಳಿಸುದ್ದಿ, ಸುಳ್ಳುಸುದ್ದಿ, ‘ಸುದ್ದಿ ಹಬ್ಬಿಸಬೇಡ’. ಕೇರುವ ಮೊರ ಆ ಪದದ ಕೈಯಿಂದ ಜಾರಿ ಎಷ್ಟೋ ಕಾಲವಾಗಿದೆ. ಅದನ್ನು ಹಿಡಿಯಲು ನಮಗೆ ಉಳಿದಿರುವುದು ‘ಮಾಹಿತಿ’. ಅದನ್ನೂ ದರಪಟ್ಟಿಗೆ ಕೊಟ್ಟುಬಿಟ್ಟರೆ ಆಸ್ಪತ್ರೆಯವರು ಇನ್ನು ಯಾವ ಪದಕ್ಕೆ ಹೋಗಬೇಕು?

ಸುದ್ದಿಗೂ ಮಾಹಿತಿಗೂ ಇರುವ ಅಂತರ ಕಣ್ಣಿಗೆ ಹೊಡೆದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 28ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಲೇರಿಯಾದ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಕೋವಿಡ್‌ಗಾಗಿ ತುರ್ತು ಬಳಕೆಯ ಅನುಮತಿ ಕೊಟ್ಟಿತು, ಜೂನ್ 15ರಂದು ಹಿಂತೆಗೆದುಕೊಂಡಿತು. ಈ ನಡುವೆ ಅದೇ ಔಷಧದ ಬಗ್ಗೆ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಮೇ 22ರಂದು ಪ್ರಕಟಿಸಿದ ಲೇಖನ ಜೂನ್ 4ಕ್ಕೆ ರದ್ದಾಯಿತು. ಜೂನ್ 16ರಂದು ಕೋವಿಡ್ ಔಷಧಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಪ್ರಯೋಗದವರು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನ ಫಲಿತಾಂಶ ಹೇಳಿದರು: ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು, ಆಮ್ಲಜನಕವೇ ಬೇಡದವರಿಗೆ ಲಾಭವಿಲ್ಲ. ವಾಟ್ಸಾಪಿನಲ್ಲಿ ಓಡಿದ್ದು ‘ಡೆಕ್ಸಾ ಜೀವ ಉಳಿಸುತ್ತೆ’ ಎಂಬ ಮೂರು ಪದ. ಕೊನೆಯ ತುಂಡು ದಾರಿಯಲ್ಲೇ ಉದುರಿತು. ಮನೆಯಲ್ಲಿ ಕೆಮ್ಮುತ್ತಾ ಕುಳಿತವನಿಗೆ ಬೇಕಾಗಿದ್ದದ್ದು ಆ ತುಂಡೇ.

ಇನ್ನು ಸೇವೆಯ ಕೆಲಸ. ಎಚ್‌ಐವಿಗೆ ಕೊಡುವ ಲೋಪಿನಾವಿರ್-ರಿಟೊನಾವಿರ್ ಅನ್ನು ಕೋವಿಡ್‌ಗೂ ಕೊಟ್ಟು ನೋಡುತ್ತಿದ್ದ ಮೊದಲ ಅಲೆಯಲ್ಲಿ, ಐಸಿಯುನ ನರ್ಸೊಬ್ಬರು ಫಾರ್ಮಾಸಿಸ್ಟ್‌ಗೆ ಮಾಡಿದ ಕರೆಯೊಂದನ್ನು ಊಹಿಸಿಕೊಳ್ಳಿ.

“ಸರ್, ಲೋಪಿನಾವಿರ್-ರಿಟೊನಾವಿರ್ ಮಾತ್ರೆ ಪುಡಿ ಮಾಡಿ ಟ್ಯೂಬಲ್ಲಿ ಹಾಕಬಹುದಾ?”

“ಪುಡಿ ಮಾಡಬೇಡಿ ಸಿಸ್ಟರ್, ರಕ್ತಕ್ಕೆ ಸೇರೋ ಪ್ರಮಾಣ ಬಹಳ ಇಳಿಯುತ್ತೆ.”

“ಹಾಗಾದ್ರೆ ಸಿರಪ್ ಕೊಡ್ಲಾ?”

“ತಡೀರಿ. ಊಟ ಹಾಕೋ ಟ್ಯೂಬ್ ಯಾವ ವಸ್ತುವಿನದ್ದು? ಬೇರೆ ಏನೇನು ಔಷಧ ನಡೀತಿದೆ?”

ದ್ರವರೂಪದಲ್ಲಿ ಶೇ. 42ರಷ್ಟು ಆಲ್ಕೋಹಾಲ್ ಇದೆ; ಪಾಲಿಯುರೆಥೇನ್ ಟ್ಯೂಬಿಗೆ ಅದು ಒಗ್ಗದು. ಜೊತೆಗೆ ರಿಟೊನಾವಿರ್ ಯಕೃತ್ತಿನ ಒಂದು ಕಿಣ್ವವನ್ನು ಕಟ್ಟಿಹಾಕುವುದರಿಂದ, ರೋಗಿ ಮೊದಲಿನಿಂದ ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ಅದು ಮೈಯಲ್ಲಿ ಏರುತ್ತಾ ಹೋಗಿ ಸ್ನಾಯುಗಳಿಗೆ ಕುತ್ತು. ಸಿಸ್ಟರ್ ಫೋನ್ ಮಾಡಿದ್ದು ಒಂದು ಪ್ರಶ್ನೆಗೆ; ಫಾರ್ಮಾಸಿಸ್ಟ್ ಉತ್ತರಿಸಬೇಕಾದವು ಮೂರು. ಈ ಮರುಪ್ರಶ್ನೆಗಳಿಲ್ಲದೆ ಕೊಟ್ಟ ಉತ್ತರ ಔಷಧದ ಪೊಟ್ಟಣದೊಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದ ಹಾಗೆ. ಚೀಟಿಗೆ ಈ ರೋಗಿ ಗೊತ್ತಿಲ್ಲ.

‘ಇದಕ್ಕೆ ಇವತ್ತಿನವರೆಗೆ ಪುರಾವೆ ಇಲ್ಲ’ ಎಂಬುದೂ ಮಾಹಿತಿಯೇ. ಹುಡುಕಿ ನೋಡಿ ಹೇಳಿದ್ದಾದರೆ ಮಾತ್ರ. ಹುಡುಕದೆ ‘ಗೊತ್ತಿಲ್ಲ’ ಅನ್ನಲು ಫೋನೇ ಬೇಡ.

ಕೊಟ್ಟ ಉತ್ತರವನ್ನು ದಿನಾಂಕ ಹಾಕಿ ಬರೆದಿಡುತ್ತಾರೆ. ಇದನ್ನು ಗುಮಾಸ್ತಗಿರಿ ಎಂದು ಮೂಗು ಮುರಿಯುವವರಿದ್ದಾರೆ. 2020ರ ಜುಲೈ 4ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಔಷಧಗಳನ್ನು ಪರೀಕ್ಷಿಸುವ ತನ್ನ ಸಾಲಿಡಾರಿಟಿ ಪ್ರಯೋಗದಲ್ಲಿ ಲೋಪಿನಾವಿರ್-ರಿಟೊನಾವಿರ್ ಕೊಟ್ಟು ನೋಡುವ ಕವಲನ್ನೇ ನಿಲ್ಲಿಸಿತು. ಪುಡಿ ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಹೋಗಿ, ಕೊಡಲೇಬೇಕೇ ಎಂಬ ಪ್ರಶ್ನೆ ಬಂತು. ಆಗ ರಿಜಿಸ್ಟರ್ ತೆರೆದು, ಹಿಂದೆ ಯಾವ ವಾರ್ಡಿನಿಂದ ಯಾರು ಕೇಳಿದ್ದರು ಎಂದು ನೋಡಿ, ಅವರು ಕೇಳದಿದ್ದರೂ ಮರಳಿ ಫೋನ್ ಮಾಡುವುದು ಈ ಸೇವೆಯ ಕೆಲಸ.